ಥೋರೋ ಪಲಾಯನವಾದಿಯೇ?

ಹೆನ್ರಿ ಡೇವಿಡ್ ಥೋರೋನ ಹೆಸರೆತ್ತಿದೊಡನೆ ಕೆಲವು ವಿದ್ಯಾವಂತರು ಮುಸಿಮುಸಿ ನಗುವುದನ್ನು ನಾನು ಕಂಡಿದ್ದೇನೆ. "ಕಾಡು ಸೇರಿದ ಮಹಾಶಯ ಊಟಕ್ಕೆ ಅಮ್ಮನ ಮನೆಗೆ ಬರುತ್ತಿದ್ದನಂತೆ!" ಎಂಬುದು ಅವರ ಬ್ರಹ್ಮಾಸ್ತ್ರ. ಈ ಕುಹಕಕ್ಕೆ ಉತ್ತರ ಕೊಡಲೇಬೇಕಾಗಿದೆ.

ಮೊದಲನೆಯದಾಗಿ, ಆತ ತನ್ನನ್ನು ಸನ್ಯಾಸಿಯೆಂದು ಸಾರಿಕೊಳ್ಳಲಿಲ್ಲ. 1845ರ ಜುಲೈ 4ರಂದು ಆತ ಸೇರಿದ ವಾಲ್ಡನ್ ಕೊಳದ ಗುಡಿಸಲು ಕಾಂಕರ್ಡ್ ಊರಿಗೆ ಕಾಲ್ನಡಿಗೆಯ ದೂರದಲ್ಲಿತ್ತು; ನೆಲ ಗೆಳೆಯ ಎಮರ್ಸನ್‌ನದು. ಆಗಾಗ ಹೊರಗೆ ಉಣ್ಣುತ್ತಿದ್ದುದನ್ನು 'ವಾಲ್ಡನ್' (1854) ಕೃತಿಯಲ್ಲಿ ಆತನೇ ಬರೆದಿದ್ದಾನೆ. ಗುಡಿಸಲಿಗೆ ತಗುಲಿದ ಖರ್ಚು 28 ಡಾಲರ್ 12½ ಸೆಂಟ್ ಎಂದು ಬಿಡಿಬಿಡಿಯಾಗಿ ಲೆಕ್ಕ ಒಪ್ಪಿಸಿದವನು ಮುಚ್ಚಿಟ್ಟದ್ದಾದರೂ ಏನು? ಬದುಕಲು ನಿಜವಾಗಿ ಎಷ್ಟು ಬೇಕು ಎಂಬುದನ್ನು ಅರಿಯುವುದೇ ಆತನ ಪ್ರಯೋಗವಾಗಿತ್ತು.

ಎರಡನೆಯದಾಗಿ, ಪಲಾಯನವಾದಿಯು ಸೆರೆಮನೆಗೆ ಹೋಗುವುದಿಲ್ಲ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕೊಡೆನೆಂದು 1846ರ ಜುಲೈಯಲ್ಲಿ ಆತ ಸೆರೆಯಾದ. "ಒಂದೇ ರಾತ್ರಿಯಲ್ಲವೇ?" ಎನ್ನುವಿರೇನು? ಬೇರೆಯವರು ಕಂದಾಯ ಕಟ್ಟಿದ್ದರಿಂದ ಬಿಡುಗಡೆಯಾಯಿತು, ಆತ ಬೇಡಿದ್ದಲ್ಲ. ಆ ರಾತ್ರಿಯ ಫಲವಾದ ಪ್ರಬಂಧ 1849ರಲ್ಲಿ ಅಚ್ಚಾಯಿತು. ಅದನ್ನೇ ಗಾಂಧೀಜಿ 1907ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಓದುಗರಿಗೆ ಪರಿಚಯಿಸಿದರು.

ಇನ್ನು, ಆ ಅಮ್ಮನ ಮನೆ ಎಂಥದು? ಒಡೆಯರಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಶ್ರಯವಿತ್ತ ಮನೆ! ತಾಯಿಯೂ ಸಹೋದರಿಯರೂ ಊರಿನ ಗುಲಾಮಗಿರಿ ವಿರೋಧಿ ಮಹಿಳಾ ಸಂಘದಲ್ಲಿ ದುಡಿದವರು. 1851ರಲ್ಲಿ ಹೆನ್ರಿ ವಿಲಿಯಮ್ಸ್ ಎಂಬ ಗುಲಾಮನನ್ನು ಕೆನಡಾದತ್ತ ಸಾಗಿಸಲು ರೈಲು ಹತ್ತಿಸಿದವನು ಇದೇ ಥೋರೋ. ಇಂಥ ಮನೆಯಲ್ಲಿ ಉಂಡದ್ದು ನಾಚಿಕೆಯ ಸಂಗತಿಯೇ?

ನಗುವವರು ನಗಲಿ. ಆದರೆ ಮೂಲಕೃತಿಯನ್ನು ಒಮ್ಮೆ ಓದಿ, ಬಳಿಕ ನಗಲಿ.