ಸರಳು ಹೊರಗೆ ಕಾಣುವ ಮೊದಲೇ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿ ಬಂದದ್ದು ಪುಣ್ಯ. ಪಕ್ಕದ ಗೋವಾದಲ್ಲಿ ಮಾಂಡೋವಿ ಸೇತುವೆ 1986ರ ಜುಲೈನಲ್ಲಿ ಬಿದ್ದಾಗ ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳನ್ನು ತುಕ್ಕು ತಿಂದಿತ್ತು.

ಬ್ಯಾಡಗಿ ತಾಲೂಕಿನ ನಮ್ಮೂರು ಕದರಮಂಡಲಗಿಗೆ ಸಮುದ್ರ ದೂರ. ಅಮೆರಿಕದಲ್ಲಿ ಮಾಡುವಂತೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಪ್ರಮೇಯವೂ ಇಲ್ಲ. ಅಷ್ಟಕ್ಕೇ ನಮ್ಮ ಸೇತುವೆಗಳು ಗಟ್ಟಿ ಎಂದು ನಂಬಿ ಕೂರುವಂತಿಲ್ಲ. ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣದ ಸರಳಿನ ಮೇಲೆ ತೆಳುವಾದ ಪದರ ಕಟ್ಟಿ ಕಾಯುತ್ತದೆ. ಉಪ್ಪು ಅದನ್ನು ಬೇಗ ಮುರಿಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದೇ ಕೆಲಸವನ್ನು ವರ್ಷಗಟ್ಟಲೆ ನಿಧಾನವಾಗಿ ಮಾಡುತ್ತದೆ. ಆಮೇಲೆ ನೀರು ಇಳಿದರೆ ಸಾಕು. ತುಕ್ಕು ಹಿಡಿದ ಸರಳು ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಉದುರಿಸುತ್ತದೆ. ಮಣ್ಣು ಕಟ್ಟಿದ ನೀರಿನ ಕಿಂಡಿ, ಸೇತುವೆ ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಸಸಿ, ಸೋರುವ ಜೋಡಣೆ: ಕೇಡು ಹೊಗುವುದು ಇಂಥಲ್ಲೇ.

ದುಡ್ಡಿನ ಲೆಕ್ಕ ಇನ್ನೂ ಕಟುವಾದದ್ದು. ಎಂಜಿನಿಯರ್ ಡಿ ಸಿಟರ್ 1984ರಲ್ಲಿ ಒಂದು ಅಂದಾಜು ಕೊಟ್ಟರು. ಕಟ್ಟುವಾಗ 1 ರೂಪಾಯಿ ಉಳಿಸಲು ಹೋದರೆ ತುಕ್ಕು ಹತ್ತುವ ಮೊದಲಿನ ನಿರ್ವಹಣೆಗೆ 5, ಹತ್ತಿದ ಮೇಲೆ ದುರಸ್ತಿಗೆ 25, ಪೂರ್ತಿ ಹದಗೆಟ್ಟ ಮೇಲೆ 125 ರೂಪಾಯಿ ಬೇಕು. ಅಮೆರಿಕದ 2002ರ ಅಧ್ಯಯನವೊಂದರ ಪ್ರಕಾರ ಅಲ್ಲಿನ ಹೆದ್ದಾರಿ ಸೇತುವೆಗಳ ತುಕ್ಕಿನ ನೇರ ವೆಚ್ಚವೇ ವರ್ಷಕ್ಕೆ 830 ಕೋಟಿ ಡಾಲರ್. ಅಷ್ಟು ಸಿರಿವಂತ ದೇಶವೇ ಹೆಣಗುತ್ತಿರುವಾಗ ನಮ್ಮ ಜಿಲ್ಲೆ 125ರ ಹಂತದವರೆಗೆ ಕಾಯುವುದು ಹೇಗೆ ಸರಿ?

ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳ ಸಾಲು. ನಮ್ಮೂರ ಆಂಜನೇಯ ಕಾಂತೇಶನ ದರ್ಶನಕ್ಕೆ ಬರುವ ಭಕ್ತರ ಟ್ರ್ಯಾಕ್ಟರು, ಬಸ್ಸುಗಳು. ಒಂದು ಸೇತುವೆ ಮುಚ್ಚಿದರೆ ಸುತ್ತುದಾರಿಯ ಡೀಸೆಲ್ ಖರ್ಚು ಕೊನೆಗೆ ರೈತನ ಬಾಡಿಗೆಗೇ ಸೇರುತ್ತದೆ. ಸೇತುವೆಗಳ ಸ್ಥಿತಿ ದಾಖಲಿಸಲು ಕೇಂದ್ರ 2016ರಲ್ಲಿ ತಂದ ವ್ಯವಸ್ಥೆ ರಾಷ್ಟ್ರೀಯ ಹೆದ್ದಾರಿಗಳದ್ದು. ಹಳ್ಳಿ ದಾರಿಯ ಮೋರಿ, ಕಿರುಸೇತುವೆಗಳನ್ನು ಯಾರು ನೋಡಬೇಕು?

ಲೋಕೋಪಯೋಗಿ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿಯೇ ನೋಡಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಂಜಿನಿಯರುಗಳು ಪ್ರತಿ ಸೇತುವೆಯ ಅಡಿಗಿಳಿದು, ಕಂಡ ಬಿರುಕು, ತುಕ್ಕಿನ ಕಲೆಗಳನ್ನು ಬರೆದು ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಹಚ್ಚಲಿ. ಹೊಸ ಕಾಮಗಾರಿಗೆ ತಿರುಗಿಸಲಾಗದಂತೆ ನಿರ್ವಹಣೆಯ ಹಣವನ್ನು ಮುಂದಿನ ಆಯವ್ಯಯದಲ್ಲೇ ಬೇರೆಯಾಗಿ ಇಡಲಿ.