ಸಂಗಮದ ದಡದಲ್ಲಿ ಕೇಳಿದ ಪ್ರಶ್ನೆ

ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರಾ, ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹತ್ತಾರು ವರ್ಷಗಳ ಹಿಂದಿನ ಒಂದು ಮಳೆಗಾಲ. ಅಲ್ಲಿ ನೆರೆ ನೋಡುತ್ತ ನಿಂತಿದ್ದಾಗ ಜೊತೆಗಿದ್ದ ಕಡಬದ ಕಾಲೇಜು ಹುಡುಗ ಕೇಳಿದ: “ಎಲೆಕ್ಟ್ರಾನಿಗೂ ಅಲೆ ಉಂಟು, ಪ್ರೋಟಾನಿಗೂ ಉಂಟು ಅಂತೀರಲ್ಲ ಸರ್, ಆ ಎರಡು ಅಲೆ ಹೀಗೆ ಸೇರಿ ವ್ಯತಿಕರಣ ಆಗುವುದುಂಟೋ?” “ಇಲ್ಲ” ಎಂದು ಬಾಯಿ ಮುಚ್ಚಿಸಿದೆ. ಅರ್ಧ ತಪ್ಪು ಹೇಳಿದ್ದೆ.

ಸರಿಯಾದ ಅರ್ಧ ಇದು. ನದಿಯ ಹೋಲಿಕೆಯೇ ಮೋಸದ್ದು. ನದಿ ಎರಡಾದರೂ ನೀರು ಒಂದೇ. ಒಂದು ಅಲೆಯ ಉಬ್ಬಿಗೆ ಇನ್ನೊಂದರ ತಗ್ಗು ಸಿಕ್ಕರೆ ಸಮವಾದೀತು. ಆಟದಲ್ಲಿ ಚೆಂಡೆ, ಮದ್ದಳೆಗಳ ನಾದವೂ ಒಂದೇ ಗಾಳಿಯಲ್ಲಿ ಬೆರೆಯುತ್ತದೆ. ಕ್ವಾಂಟಂ ಅಲೆ ಅಂಥ ಅಲುಗಾಟವಲ್ಲ, ಸಾಧ್ಯತೆಗಳ ಲೆಕ್ಕ. ಒಂದೇ ಫಲಕ್ಕೆ ಎರಡು ದಾರಿಗಳಿದ್ದು, ಯಾವ ದಾರಿಯಲ್ಲಿ ಬಂತೆಂಬ ಗುರುತು ಎಲ್ಲೂ ಉಳಿಯದಿದ್ದರೆ ಮಾತ್ರ ಆ ದಾರಿಗಳ ಅಲೆಗಳು ಕೂಡುತ್ತವೆ, ಕಳೆಯುತ್ತವೆ. ಪರದೆಯ ಮೇಲೆ ಎಲೆಕ್ಟ್ರಾನ್ ಬಿದ್ದದ್ದು ಒಂದು ಫಲ, ಪ್ರೋಟಾನ್ ಬಿದ್ದದ್ದು ಬೇರೊಂದು. ಕೂಡಿಸುವುದೇನನ್ನು?

ತಪ್ಪಿದ ಅರ್ಧ ನನಗೆ ತಿಳಿದದ್ದು 2023ರ ಜನವರಿಯಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ‘ಸ್ಟಾರ್’ ತಂಡದ ವರದಿ ಬಂದಾಗ. ಬೆಳಕಿನ ವೇಗದ ಹತ್ತಿರಕ್ಕೆ ಓಡುವ ಎರಡು ಚಿನ್ನದ ಪರಮಾಣು ಬೀಜಗಳು ಒಂದಕ್ಕೊಂದು ತಾಗದೆ ಪಕ್ಕದಲ್ಲೇ ಹಾದುಹೋಗುತ್ತವೆ. ಒಂದರ ಸುತ್ತಲಿನ ಫೋಟಾನ್ ಇನ್ನೊಂದರೊಳಗಿನ ಗ್ಲುವಾನ್‌ಗಳಿಗೆ ತಟ್ಟಿ ‘ರೋ’ ಎಂಬ ಕಣ ಹುಟ್ಟುತ್ತದೆ. ಅದು ಹುಟ್ಟಿದಲ್ಲೇ ಎಂಬಂತೆ ಸತ್ತು ಒಂದು ಧನ ಪಯಾನ್, ಒಂದು ಋಣ ಪಯಾನ್ ಆಗುತ್ತದೆ. ಹುಟ್ಟಿದ್ದು ಯಾವ ಬೀಜದಲ್ಲಿ? ಗುರುತಿಲ್ಲ. ಪಯಾನ್‌ಗಳು ಚಿಮ್ಮಿದ ದಿಕ್ಕುಗಳಲ್ಲಿ ವ್ಯತಿಕರಣದ ಏರಿಳಿತ ಕಂಡಿತು. ಒಂದು ಕಡೆಯಿಂದ ಚಿನ್ನದ ಬದಲು ಪ್ರೋಟಾನನ್ನು ಓಡಿಸಿದಾಗ ಕಾಣಲಿಲ್ಲ. ಅಲ್ಲಿ ಫೋಟಾನ್ ಬಹುಮಟ್ಟಿಗೆ ಚಿನ್ನದಿಂದಲೇ ಬರುವುದರಿಂದ ದಾರಿ ಒಂದೇ.

ಬೇರೆ ಜಾತಿಯ ಕಣಗಳ ವ್ಯತಿಕರಣ ಎಂದು ಅದು ಸುದ್ದಿಯಾಯಿತು. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಧನ ಪಯಾನ್ ಋಣ ಪಯಾನಿನೊಡನೆ ಕೂಡಿದ್ದಲ್ಲ. ಈ ಬೀಜದಿಂದ ಬಂದ ಜೋಡಿಯ ಅಲೆ, ಆ ಬೀಜದಿಂದ ಬಂದಿರಬಹುದಾದ ಅಂಥದೇ ಜೋಡಿಯ ಅಲೆಯೊಡನೆ ಕೂಡಿತು. ನಾನೋ, ಕಣಕ್ಕೊಂದು ಅಲೆ ಎಂದು ಎಣಿಸಿ ಪಾಠ ಮಾಡಿದ್ದೆ. ಜೋಡಿಗೂ ಒಂದು ಅಲೆಯುಂಟು ಎಂಬುದನ್ನೇ ಆ ಹುಡುಗನಿಗೆ ಹೇಳಿರಲಿಲ್ಲ.

ಅವನೀಗ ಸುಳ್ಯದ ಕಡೆ ಪಾಠ ಹೇಳುತ್ತಾನೆ. ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ಆಯ್ತು ಸರ್, ಹಾಗಾದರೆ ನ್ಯೂಟ್ರಿನೋದ ಮೂರು ಜಾತಿಗಳು ಬೆರೆತೇ ಇರುತ್ತವಲ್ಲ, ಅದು ಹೇಗೆ?” ಎಂದ. ಅದಕ್ಕೆ ಇನ್ನೊಂದು ವಾರ ಬೇಕು, ಮಾರಾಯ್ರೇ.