ಪಾಟೀಲ ಅಂದ್ರ ಯಾವ ಪಾಟೀಲ?

ಅಡ್ಡಹೆಸರಿನ ಕಥಿ, ಭಾಗ 3

"ಶಿವರಾಜ ಪಾಟೀಲ" ಅಂತ ಗೂಗಲ್‌ನ್ಯಾಗ ಹುಡುಕಿ ನೋಡ್ರಿ. ಒಬ್ಬರು ಲಾತೂರಿನವರು, 2004ರಿಂದ 2008ರ ತನಕ ಕೇಂದ್ರ ಗೃಹ ಸಚಿವರು. ಇನ್ನೊಬ್ಬರು ನಮ್ಮ ರಾಯಚೂರು ಜಿಲ್ಲೆಯವರೇ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಗಿದ್ದವರು. ಮೂರನೇವರು ರಾಯಚೂರು ನಗರದಿಂದ ಗೆದ್ದ ಶಾಸಕರು. ಹೆಸರು ಒಂದೇ, ದಾರಿ ಮಾತ್ರ ಮೂರು.

ಯಾಕಂದ್ರ ಪಾಟೀಲ ಅನ್ನೋದು ಮೊದಲು ವಂಶದ ಹೆಸರಲ್ಲ, ಅದೊಂದು ಕೆಲಸ. ಊರಿನ ಮುಖ್ಯಸ್ಥ, ಕಂದಾಯ ವಸೂಲಿ ಮಾಡುವವ. ಲೆಕ್ಕ ಬರೆಯುವವ ಕುಲಕರ್ಣಿ. ಅಂದ್ರ ನಾವು ಬಿಕಾಂನವರು ಮಾಡೋ ಕೆಲಸ! ಯಾವ ಜಾತಿಯವರ ಕೈಯಾಗ ಗೌಡಕಿ ಇತ್ತೋ ಆ ಮನೆತನಕ್ಕ ಈ ಹೆಸರು ಬಂತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಹುದ್ದೆ ಹೋತು, ಹೆಸರು ಉಳೀತು.

ಉಳಿದ ಹೆಸರನ್ನ ಯಾರ‍್ಯಾರು ಎಲ್ಲಿಗೆ ಒಯ್ದರು ನೋಡ್ರಿ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿ ಆದರು, 1968ರಲ್ಲಿ ಒಮ್ಮೆ, 1989ರಲ್ಲಿ ಮತ್ತೊಮ್ಮೆ. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ಅಂದ್ರ ನಮ್ಮ ಚಂಪಾ, ಎಮರ್ಜೆನ್ಸಿ ವಿರೋಧಿಸಿ ಜೈಲು ಕಂಡರು. ಕಲಬುರ್ಗಿಯವರ ಹತ್ಯೆ ಆದಾಗ ಪಂಪ ಪ್ರಶಸ್ತಿಯನ್ನೇ ವಾಪಸ್ ಕೊಟ್ಟರು. ಜೈನ ಮನೆತನದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ ಬಡ ಮಕ್ಕಳಿಗೆ ಶಾಲೆ ಬಾಗಿಲು ತೆರೆದರು. ಮರಾಠಿಯ ಸ್ಮಿತಾ ಪಾಟೀಲ ನಾಗಾಭರಣರ 'ಅನ್ವೇಷಣೆ'ಯಲ್ಲಿ ಕನ್ನಡದಾಗೂ ನಟಿಸಿದರು. ಇವರ ಹೆಸರು ನೆನಪಾಗೋದು ಮಾಡಿದ ಕೆಲಸಕ್ಕ. ಅಡ್ಡಹೆಸರು ಯಾರನ್ನೂ ದೊಡ್ಡವರನ್ನ ಮಾಡಿಲ್ಲ.

ಇದನ್ನೆಲ್ಲ ಯಾಕ ಹೇಳಾಕತ್ತೀನಿ ಅಂದ್ರ, ಹಳ್ಳಿಯಿಂದ ಸಿಟಿಗೆ ಓದಾಕ ಹೋದವರಿಗೆ ಗೊತ್ತದ: ಬಾಡಿಗೆ ರೂಮ್ ಕೇಳಿದ್ರ ಮೊದಲು ಬರೋ ಪ್ರಶ್ನೆ "ಅಡ್ಡಹೆಸರೇನು?" ಕೇಳೋದು ಹೆಸರು, ಬೇಕಾಗಿರೋದು ಜಾತಿ. ಪಾಟೀಲ, ಗೌಡ ಅಂದ್ರ "ಬರ್ರಿ, ಕುಂದರ್ರಿ". ಬ್ಯಾರೆ ಹೆಸರು ಹೇಳಿದ್ರ "ಈಗಷ್ಟೇ ಬುಕ್ ಆತು". ಬಾಡಿಗೆ ಕಟ್ಟೋ ರೊಕ್ಕ ಇಬ್ಬರದೂ ಒಂದೇ ಅಲ್ಲೇನ್ರಿ?

ನಮ್ಮ ಅಕೌಂಟೆನ್ಸಿಯಾಗ ಒಂದು ನಿಯಮ ಅದ: ರೊಕ್ಕ ಕೊಟ್ಟು ಕೊಂಡ ಗುಡ್‌ವಿಲ್ ಅಷ್ಟೇ ಪುಸ್ತಕದಾಗ ತೋರಿಸಬೇಕು. ಅಡ್ಡಹೆಸರಿನ ಗುಡ್‌ವಿಲ್ ನಾವ್ಯಾರೂ ಕೊಂಡಿಲ್ಲ. ಪುಕ್ಕಟೆ ಬಂದದ್ದು. ಅಭಿಮಾನ ಇರಲಿ, ಬ್ಯಾಡ ಅನ್ನಲ್ಲ. ಆದ್ರ ಅದನ್ನ ಹಿಡ್ಕೊಂಡು ಇನ್ನೊಬ್ಬರಿಗೆ ಬಾಗಿಲು ಹಾಕೋದು ಬ್ಯಾಡ.

ನಮ್ಮ ಮಸ್ಕಿಯನ್ನೇ ತಗೋರಿ. "ದೇವಾನಾಂಪ್ರಿಯ" ಬಿರುದು ಶ್ರೀಲಂಕಾದ ತಿಸ್ಸ ರಾಜನಿಗೂ ಇತ್ತು. ಬಹಳಷ್ಟು ಶಾಸನದಾಗ ಬರೀ ಬಿರುದು ಇದ್ದಿದ್ದಕ್ಕ, ಇವ ಯಾರು ಅನ್ನೋದೇ ಪ್ರಶ್ನೆ ಆಗಿತ್ತು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಾಗ ಬಿರುದಿನ ಜೊತಿಗೆ "ಅಶೋಕ" ಅಂತ ಸ್ವಂತ ಹೆಸರೂ ಇತ್ತು. ಆಗ ಖಾತ್ರಿ ಆತು ಮನುಷ್ಯ ಯಾರು ಅಂತ.

ಅದಕ್ಕ, ಹೊಸಬರು ಸಿಕ್ಕಾಗ ಹೆಸರು ಕೇಳ್ರಿ, ಏನು ಓದತೀ ಅಂತ ಕೇಳ್ರಿ. ಅಲ್ಲಿಗೆ ನಿಲ್ಲಸ್ರಿ.

ನಿಮ್ಮ ಅಡ್ಡಹೆಸರು ಮೊದಲು ಯಾವ ಕೆಲಸದ ಹೆಸರಾಗಿತ್ತು? ಮನ್ಯಾಗ ಹಿರಿಯರನ್ನ ಕೇಳಿ ಕಾಮೆಂಟ್ ಮಾಡ್ರಿ.

#ಬಳಗಾನೂರು #ಮಸ್ಕಿ #ಅಡ್ಡಹೆಸರಿನಕಥಿ